ಸೈಲೆನ್ಸರ್ ಬದಲಾಯಿಸಿದ್ರೆ ಟರ್ಬೊ ಕಾರಿಗೆ ನಿಜವಾಗ್ಲೂ ಪವರ್ ಬರುತ್ತಾ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಈ ವಾರ ಒಂದು ವಾಯ್ಸ್ ಮೆಸೇಜ್‌ನಿಂದಲೇ ಶುರು ಮಾಡ್ತೀನಿ. ಕುವೆಂಪುನಗರದ ಒಬ್ಬ ಕೇಳುಗ ಕಳಿಸಿದ್ದು. ಹೆಬ್ಬಾಳದ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿದೆಯಂತೆ. ಅವನ ಮಾತು ಹೀಗಿದೆ: "ಅಣ್ಣಾ, ಸೆಕೆಂಡ್ ಹ್ಯಾಂಡ್ ಐ20 ಎನ್ ಲೈನ್ ತಗೊಂಡಿದ್ದೀನಿ, ಟರ್ಬೊ. ಎಕ್ಸಾಸ್ಟ್ ಸೆಟ್ ಬದಲಾಯಿಸಿದ್ರೆ 20 ಎಚ್‌ಪಿ ಗ್ಯಾರಂಟಿ ಅಂತಿದ್ದಾರೆ. 55 ಸಾವಿರ. ಇಎಂಐನಲ್ಲೂ ಕೊಡ್ತಾರಂತೆ. ಅಪ್ಪಂಗೆ ಇನ್ನೂ ಹೇಳಿಲ್ಲ. ಹಾಕಿಸ್ಲಾ?"

ಅಪ್ಪಂಗೆ ಹೇಳಿಲ್ಲ ಅಂದಾಗಲೇ ನಂಗೆ ನಗು ಬಂತು, ಯಾಕಂದ್ರೆ ನಾನೂ ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ ಇದೇ ಮಾತು ಕೇಳಿ, ನನ್ನ ಪೋಲೊ ಜಿಟಿ ಟಿಎಸ್‌ಐಗೆ 48 ಸಾವಿರ ಕೊಟ್ಟು ಎಕ್ಸಾಸ್ಟ್ ಹಾಕಿಸಿದವನು ನಾನು. ಹಾಗಾಗಿ ಇವತ್ತು ಉಪದೇಶ ಮಾಡೋದಿಲ್ಲ. ಲೆಕ್ಕ ಹೇಳ್ತೀನಿ. ಕೇಳಿದ ಮೇಲೆ ನಿಮ್ಮ ದುಡ್ಡು, ನಿಮ್ಮ ತೀರ್ಮಾನ.

ಯಾದವಗಿರಿಯಿಂದ ಬಂದ ನಂಬಿಕೆ

ಸೈಲೆನ್ಸರ್ ಮುಟ್ಟಿದ್ರೆ ಪವರ್ ಬದಲಾಗುತ್ತೆ ಅನ್ನೋದು ಮೈಸೂರಿನವರಿಗೆ ಹೊಸ ಮಾತಲ್ಲ. ನಮ್ಮ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಫ್ಯಾಕ್ಟರಿ ಇತ್ತಲ್ಲ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳು ಅಲ್ಲಿಂದಲೇ ದೇಶಕ್ಕೆಲ್ಲ ಹೋಗಿದ್ದು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಆ ಸದ್ದು. ಊರಿನ ಅರ್ಧ ಅಪ್ಪಂದಿರ ಯೌವನ ಆ ಸದ್ದಿನಲ್ಲೇ ಇದೆ.

ನನಗೆ ಗೊತ್ತಿರೋ ಹಳೇ ಯೆಜ್ಡಿ ಮೇಸ್ತ್ರಿ ಒಬ್ರು ಅಗ್ರಹಾರದ ಕಡೆ ಇದ್ದಾರೆ. ಕಾರಿಗೆ ಎಕ್ಸಾಸ್ಟ್ ಹಾಕಿಸಿದ ಮೇಲೆ ಜಂಬ ಕೊಚ್ಚೋಕೆ ಅಂತ ಅವರ ಹತ್ರ ಹೋಗಿದ್ದೆ. ಅವರು ಕಾರಿನ ಹಿಂದೆ ಕೂತು ಸ್ವಲ್ಪ ಹೊತ್ತು ಕೇಳಿಸಿಕೊಂಡ್ರು. ಆಮೇಲೆ ಕೇಳಿದ್ರು, "ಲೋ ಮಗಾ, ಇದು ಟೂ ಸ್ಟ್ರೋಕಾ?"

"ಅಲ್ಲ ಮೇಸ್ತ್ರಿ, ಫೋರ್ ಸ್ಟ್ರೋಕು, ಟರ್ಬೊ."

"ಮತ್ತೆ ಸೈಲೆನ್ಸರ್‌ನಲ್ಲಿ ಏನ್ ಹುಡುಕ್ತಿದ್ದೀಯ?"

ಆವತ್ತು ನಂಗೆ ಸಿಟ್ಟು ಬಂದಿತ್ತು. ಆದ್ರೆ ಆ ಒಂದು ಪ್ರಶ್ನೆಯಲ್ಲಿ ಇವತ್ತಿನ ಸಂಚಿಕೆಯ ಅರ್ಧ ವಿಷಯ ಇದೆ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಸುಟ್ಟ ಗಾಳಿ ಹೊರಗೆ ಹೋಗೋ ಬಾಗಿಲೂ ಹೊಸ ಪೆಟ್ರೋಲ್ ಗಾಳಿ ಒಳಗೆ ಬರೋ ಬಾಗಿಲೂ ಸ್ವಲ್ಪ ಹೊತ್ತು ಒಟ್ಟಿಗೇ ತೆರೆದಿರ್ತವೆ. ಆಗ ಹೊಸ ಮಿಶ್ರಣದಲ್ಲಿ ಒಂದಿಷ್ಟು ಸುಮ್ಮನೆ ಹೊರಗೆ ಜಾರಿಬಿಡುತ್ತೆ. ಸೈಲೆನ್ಸರ್ ಆಕಾರ ಸರಿಯಾಗಿದ್ರೆ, ಹೊರಗೆ ಹೋದ ಒತ್ತಡದ ಅಲೆ ಅಲ್ಲಿ ಬಡಿದು ವಾಪಸ್ ಬಂದು, ಜಾರಿದ ಮಿಶ್ರಣವನ್ನ ಮತ್ತೆ ಸಿಲಿಂಡರ್ ಒಳಗೆ ತಳ್ಳುತ್ತೆ. ಅಂದ್ರೆ ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಎಂಜಿನ್‌ನ ಒಂದು ಭಾಗವೇ. ಅದರ ಉದ್ದ, ಅಗಲ ಬದಲಾದ್ರೆ ಪವರ್ ಏರೋದೂ ಉಂಟು, ಇಳಿಯೋದೂ ಉಂಟು. ಒಳಗಿನ ಬ್ಯಾಫಲ್ ಕಿತ್ತುಹಾಕಿ, ಸದ್ದು ಜಾಸ್ತಿಯಾಗಿ, ಎಳೆತ ಕಮ್ಮಿಯಾದ ಯೆಜ್ಡಿಗಳನ್ನ ಮೇಸ್ತ್ರಿ ಎಷ್ಟೋ ನೋಡಿದ್ದಾರೆ.

ಆ ಬೈಕುಗಳ ಕಾಲದ ನಂಬಿಕೆಯನ್ನ ನಾವು ಹಾಗೇ ಎತ್ತಿ ಟರ್ಬೊ ಕಾರಿನ ಮೇಲೆ ಇಟ್ಟಿದ್ದೀವಿ. ಟರ್ಬೊ ಕಾರಿನ ಕಥೆಯೇ ಬೇರೆ.

ಟರ್ಬೊ ಅನ್ನೋ ಅಡ್ಡಗೇಟು

ಎಂಜಿನ್ ಒಳಗೆ ಪೆಟ್ರೋಲ್ ಸುಟ್ಟಾಗ ಬರೋ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬಿಸಿ ಹೊಗೆಯ ಜೊತೆ ಹೊರಗೆ ಹೋಗಿಬಿಡುತ್ತೆ. ಟರ್ಬೊ ಆ ಹೊಗೆಯಿಂದ ಒಂದು ಚಕ್ರ ತಿರುಗಿಸುತ್ತೆ. ಆ ಚಕ್ರದ ಇನ್ನೊಂದು ತುದಿಯಲ್ಲಿರೋ ಚಕ್ರ ಹೊರಗಿನ ಗಾಳಿಯನ್ನ ಒತ್ತಿ ಎಂಜಿನ್ ಒಳಗೆ ತುಂಬಿಸುತ್ತೆ. ಚಿಕ್ಕ ಕಾರುಗಳ ಟರ್ಬೊ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ತಿರುಗುತ್ತೆ.

ಈಗ ಹೊಗೆ ಹೋಗೋ ದಾರಿ ನೋಡಿ. ಎಂಜಿನ್, ಆಮೇಲೆ ಟರ್ಬೊ ಚಕ್ರ, ಅದಕ್ಕೆ ಅಂಟಿಕೊಂಡಂತೆ ಡೌನ್‌ಪೈಪ್ ಅನ್ನೋ ಮೊದಲ ಪೈಪು. ಹೊಸ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರೋದು ಅಲ್ಲೇ. ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ 'ಕ್ಯಾಟ್'. ಅದಾದ ಮೇಲೆ ಕಾರಿನ ಹೊಟ್ಟೆ ಕೆಳಗೆ ಉದ್ದದ ಪೈಪು, ಕೊನೆಗೆ ಹಿಂದಿನ ಸೈಲೆನ್ಸರು. ಕ್ಯಾಟ್‌ನಿಂದ ಹಿಂದಕ್ಕೆ ಇರೋದನ್ನಷ್ಟೇ ಬದಲಾಯಿಸಿದ್ರೆ ಅದಕ್ಕೆ 'ಕ್ಯಾಟ್‌ಬ್ಯಾಕ್' ಅಂತಾರೆ. ಅಂಗಡಿಯಲ್ಲಿ 'ಎಕ್ಸಾಸ್ಟ್ ಸೆಟ್' ಅಂತ ನಮಗೆ ಮಾರೋದು ಬಹುತೇಕ ಇದೇ.

ದಸರಾ ಟೈಮಲ್ಲಿ ಜಂಬೂಸವಾರಿ ನೋಡಿದ್ದೀರಲ್ಲ. ಅರಮನೆ ಒಳಗೆ ಸಾವಿರಾರು ಜನ. ಗೇಟ್‌ನಿಂದ ಹೊರಗೆ ಬಂದು, ಸಯ್ಯಾಜಿರಾವ್ ರಸ್ತೆ ಹಿಡಿದು ಬನ್ನಿಮಂಟಪಕ್ಕೆ ಹೋಗ್ಬೇಕು. ನೂಕುನುಗ್ಗಲು ಇರೋದು ಅರಮನೆ ಗೇಟಲ್ಲಿ. ನೀವು ಬನ್ನಿಮಂಟಪದ ಹತ್ರ ರಸ್ತೆ ಅಗಲ ಮಾಡಿದ್ರೆ ಗೇಟಲ್ಲಿ ಸಿಕ್ಕಾಕೊಂಡವರಿಗೆ ಏನು ಪ್ರಯೋಜನ? ಟರ್ಬೊ ಕಾರಿನಲ್ಲಿ ಆ ಗೇಟು ಟರ್ಬೊ ಚಕ್ರವೇ. ಅದರ ಪಕ್ಕದಲ್ಲೇ ಇರೋ ಎರಡನೇ ಇಕ್ಕಟ್ಟು ಕ್ಯಾಟ್. ಹಿಂದಿನ ಸೈಲೆನ್ಸರ್ ಬನ್ನಿಮಂಟಪ.

ಹಾಗಂತ ಹಿಂದಿನ ಪೈಪಿಗೆ ಬೆಲೆಯೇ ಇಲ್ಲ ಅಂತಲ್ಲ. ಇಲ್ಲೊಂದು ಸ್ವಾರಸ್ಯದ ಲೆಕ್ಕ ಇದೆ. ಟರ್ಬೊ ಚಕ್ರ ತಿರುಗೋದು ಅದರ ಮುಂದಿನ ಒತ್ತಡಕ್ಕೂ ಹಿಂದಿನ ಒತ್ತಡಕ್ಕೂ ಇರೋ ಅನುಪಾತದಿಂದ. ಉದಾಹರಣೆಗೆ, ಚಕ್ರ ದಾಟಿದ ಮೇಲೆ ಪೈಪಲ್ಲಿ 1.3 ಬಾರ್ ಒತ್ತಡ ಇದೆ ಅಂದ್ಕೊಳ್ಳಿ. ಚಕ್ರಕ್ಕೆ ಬೇಕಾದ ಅನುಪಾತ 2 ಅಂದ್ಕೊಳ್ಳಿ. ಆಗ ಚಕ್ರದ ಮುಂದೆ, ಅಂದ್ರೆ ಎಂಜಿನ್ ಕಡೆ, 2.6 ಬಾರ್ ಇರಬೇಕು. ಈಗ ಪೈಪು ಸಡಿಲ ಮಾಡಿ 1.3ನ್ನ 1.1ಕ್ಕೆ ಇಳಿಸಿದ್ರಿ. ಎಂಜಿನ್ ಕಡೆ 2.2 ಸಾಕು. ಹಿಂದೆ ಉಳಿಸಿದ್ದು 0.2, ಮುಂದೆ ಉಳಿದಿದ್ದು 0.4! ಅದಕ್ಕೇ "ಎಂಜಿನ್‌ಗೆ ಸ್ವಲ್ಪ ಬ್ಯಾಕ್ ಪ್ರೆಶರ್ ಬೇಕೇ ಬೇಕು" ಅನ್ನೋ ಮಾತು ಟರ್ಬೊ ಕಾರಿಗೆ ಹೊಂದಲ್ಲ. ಚಕ್ರ ದಾಟಿದ ಮೇಲೆ ಒತ್ತಡ ಎಷ್ಟು ಕಮ್ಮಿಯೋ ಅಷ್ಟು ಒಳ್ಳೇದು. ಎಕ್ಸಾಸ್ಟ್ ಮಾರೋರು ಹೇಳೋದ್ರಲ್ಲಿ ಇಷ್ಟು ನಿಜ ಇದೆ.

ಹಾಗಾದ್ರೆ ಪವರ್ ಎಲ್ಲಿ ಹೋಯ್ತು?

ಎರಡು ಕಡೆ ಈ ಲೆಕ್ಕ ಕೈಕೊಡುತ್ತೆ.

ಒಂದು, ಗಾಳಿಯ ಪ್ರಮಾಣ. ಪೈಪಲ್ಲಿ ಹುಟ್ಟೋ ಅಡ್ಡಿ ಗಾಳಿಯ ಹರಿವಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಹರಿವು ಎರಡರಷ್ಟಾದ್ರೆ ಅಡ್ಡಿ ನಾಲ್ಕರಷ್ಟು. ಐ20 ಎನ್ ಲೈನ್‌ನ 998 ಸಿಸಿ ಎಂಜಿನ್ ಕೊಡೋದು 120 ಪಿಎಸ್. ಅಷ್ಟು ಪವರ್‌ಗೆ ಬೇಕಾಗೋದು ಸೆಕೆಂಡಿಗೆ 100 ಗ್ರಾಂ ಆಸುಪಾಸು ಗಾಳಿ. ಕಂಪನಿಯವರು ಆ ಹರಿವಿಗೆ ಅಂತಲೇ ಪೈಪ್ ಹಾಕಿರ್ತಾರೆ. ಅದೇ ಕಾರನ್ನ ದೊಡ್ಡ ಟರ್ಬೊ ಹಾಕಿ 240ಕ್ಕೆ ಏರಿಸಿದ್ರೆ ಆ ಹಳೇ ಪೈಪು ನಾಲ್ಕು ಪಟ್ಟು ಅಡ್ಡಿ ಮಾಡುತ್ತೆ, ಆಗ ಅಗಲದ ಪೈಪು ನಿಜವಾಗ್ಲೂ ಬೇಕು. ನೀವು ಯೂಟ್ಯೂಬಲ್ಲಿ ನೋಡೋ 400, 500 ಎಚ್‌ಪಿ ಕಾರುಗಳಲ್ಲಿ ಎಕ್ಸಾಸ್ಟ್‌ನಿಂದ ಪವರ್ ಬರೋದು ಸುಳ್ಳಲ್ಲ. ಆದ್ರೆ ಅವರ ಗಾಳಿ ಬೇರೆ, ನಮ್ಮ ಗಾಳಿ ಬೇರೆ.

ಎರಡನೇದು ಇನ್ನೂ ಮುಖ್ಯ, ಇಸಿಯು. ಅಂದ್ರೆ ಎಂಜಿನ್‌ನ ಕಂಪ್ಯೂಟರ್. ಹಳೇ ಎಂಜಿನ್‌ಗಳಲ್ಲಿ ಗಾಳಿ ಜಾಸ್ತಿ ಸಿಕ್ಕಿದ್ರೆ ಜಾಸ್ತಿ ಪವರ್. ಈಗಿನ ಟರ್ಬೊ ಕಾರಲ್ಲಿ ಹಾಗಲ್ಲ. ನೀವು ಪೆಡಲ್ ಒತ್ತಿದಾಗ, "ಇವನಿಗೆ 172 ನ್ಯೂಟನ್ ಮೀಟರ್ ಟಾರ್ಕ್ ಕೊಡಬೇಕು" ಅಂತ ಇಸಿಯು ಮೊದಲೇ ಬರೆದಿಟ್ಟ ಗುರಿ ನೋಡುತ್ತೆ. ಗುರಿ ಮುಟ್ಟಿದ ತಕ್ಷಣ ವೇಸ್ಟ್‌ಗೇಟ್ ಅನ್ನೋ ಕಿಟಕಿ ತೆಗೆದು, ಮಿಕ್ಕ ಹೊಗೆಯನ್ನ ಟರ್ಬೊ ಚಕ್ರಕ್ಕೆ ತಾಗದಂತೆ ಪಕ್ಕದಿಂದ ಬಿಟ್ಟುಬಿಡುತ್ತೆ. ನೀವು ಪೈಪು ಸಡಿಲ ಮಾಡಿ ಟರ್ಬೊಗೆ ಸಹಾಯ ಮಾಡಿದ್ರಿ ಅಂತಿಟ್ಕೊಳ್ಳಿ. ಇಸಿಯು ಏನ್ಮಾಡುತ್ತೆ? ಆ ಕಿಟಕಿಯನ್ನ ಇನ್ನೊಂಚೂರು ತೆಗೆಯುತ್ತೆ. ಟಾರ್ಕ್ ಗುರಿ ಅಷ್ಟೇ ಇರುತ್ತೆ. ಕೊಡದ ಊಟಕ್ಕೆ ತಟ್ಟೆ ದೊಡ್ಡದು ಮಾಡಿಕೊಂಡ ಹಾಗೆ.

ಟರ್ಬೊ ಸ್ವಲ್ಪ ಬೇಗ ಎಚ್ಚರ ಆಗಬಹುದು. ಮೇಲಿನ ಆರ್‌ಪಿಎಂನಲ್ಲಿ ಎಂಜಿನ್‌ಗೆ ಒಂಚೂರು ಉಸಿರಾಟ ಹಗುರ ಆಗಬಹುದು. ಕಂಪನಿ ಪ್ರೋಗ್ರಾಮ್ ಇರೋ ಸಣ್ಣ ಟರ್ಬೊ ಕಾರಿಗೆ ಕ್ಯಾಟ್‌ಬ್ಯಾಕ್‌ನಿಂದ ಸಿಗೋದು ಅಷ್ಟೇ. 20 ಎಚ್‌ಪಿ ಅಲ್ಲ.

ಅದಕ್ಕೇ ಟ್ಯೂನಿಂಗ್ ಲೋಕದಲ್ಲಿ ಸ್ಟೇಜ್ 1 ಅಂದ್ರೆ ಬರೀ ಸಾಫ್ಟ್‌ವೇರ್, ಪೈಪ್ ಮುಟ್ಟೋದೇ ಇಲ್ಲ. ಆಕ್ಟೇವಿಯಾ ಆರ್‌ಎಸ್ ತರದ 2 ಲೀಟರ್ ಕಾರುಗಳನ್ನೇ ತಗೊಳ್ಳಿ. ಅದೇ ಎಂಜಿನ್ಗೆ 2017ರಲ್ಲಿ ಇಲ್ಲಿ ಬಂದಾಗ 230 ಪಿಎಸ್ ಇತ್ತು, 2020ರಲ್ಲಿ ಬಂದಾಗ 245. ಇಂಥ ಕಾರುಗಳಿಗೆ ಪವರ್ ಹಾಕಿಸೋರು ಮೊದಲು ಮುಟ್ಟೋದು ಇಸಿಯುವನ್ನ. ಸ್ಟೇಜ್ 2ಕ್ಕೆ ಹೋದಾಗ ಮಾತ್ರ ಡೌನ್‌ಪೈಪ್ ಬದಲಾಗುತ್ತೆ, ಅದೂ ಹೊಸ ಸಾಫ್ಟ್‌ವೇರ್ ಜೊತೆಗೆ. ಹಿಂದಿನ ಸೈಲೆನ್ಸರ್‌ಗೆ ಈ ಲೆಕ್ಕದಲ್ಲಿ ಕೊನೇ ಸ್ಥಾನ.

ನಾನು ಅಳೆದು ನೋಡಿದ್ದು

ಈಗ ನನ್ನ ಪೋಲೊ. ಕಂಪನಿ ಲೆಕ್ಕದಲ್ಲಿ 105 ಪಿಎಸ್, 175 ನ್ಯೂಟನ್ ಮೀಟರ್. ಎಕ್ಸಾಸ್ಟ್ ಹಾಕಿಸೋಕೆ ಮುಂಚೆ ಏನೋ ಒಳ್ಳೇ ಬುದ್ಧಿ ಬಂದು ಒಂದು ಒಬಿಡಿ ಡಾಂಗಲ್ ತಗೊಂಡಿದ್ದೆ. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಚುಚ್ಚಿ, ಬ್ಲೂಟೂತ್‌ನಲ್ಲಿ ಫೋನಿಗೆ ಸೇರಿಸಿದ್ರೆ ವೇಗ, ಆರ್‌ಪಿಎಂ, ಗಾಳಿಯ ಒತ್ತಡ ಎಲ್ಲ ದಾಖಲಾಗುತ್ತೆ.

ಬೆಳಗಿನ ಜಾವ, ಖಾಲಿ ನೇರ ರಸ್ತೆ, ಎಸಿ ಆಫ್, ಅರ್ಧ ಟ್ಯಾಂಕ್ ಪೆಟ್ರೋಲ್, ಒಂದೇ ಗೇರು. 60ರಿಂದ 100ಕ್ಕೆ ಎಷ್ಟು ಸೆಕೆಂಡ್ ಅಂತ. 100 ದಾಟಲಿಲ್ಲ, ದಾಟೋ ಅಗತ್ಯವೂ ಇಲ್ಲ. ಹೋಗ್ತಾ ಮೂರು ಸಲ, ಬರ್ತಾ ಮೂರು ಸಲ, ಯಾಕಂದ್ರೆ ಕಣ್ಣಿಗೆ ಕಾಣದ ಏರು ತಗ್ಗು, ಎದುರು ಗಾಳಿ ಎಲ್ಲ ಲೆಕ್ಕ ಕೆಡಿಸುತ್ತೆ.

ಹಳೇ ಎಕ್ಸಾಸ್ಟಲ್ಲಿ ಬಂದಿದ್ದು 5.6ರಿಂದ 5.9 ಸೆಕೆಂಡ್. ಹೊಸ ಎಕ್ಸಾಸ್ಟಲ್ಲಿ 5.5ರಿಂದ 5.9. ಗಾಳಿಯ ಒತ್ತಡದ ಗೆರೆ ಒಂದರ ಮೇಲೊಂದು ಇಟ್ರೆ ಹೆಚ್ಚು ಕಮ್ಮಿ ಒಂದೇ. ಅಂದ್ರೆ ಒಂದೇ ಎಕ್ಸಾಸ್ಟ್‌ನಲ್ಲಿ ಒಂದು ಓಟಕ್ಕೂ ಇನ್ನೊಂದಕ್ಕೂ ಇರೋ ವ್ಯತ್ಯಾಸವೇ, 48 ಸಾವಿರ ತಂದ ವ್ಯತ್ಯಾಸಕ್ಕಿಂತ ದೊಡ್ಡದು.

ಆದ್ರೆ ನಿಜ ಹೇಳ್ಬೇಕು. ಅಳೆಯೋಕೆ ಮುಂಚೆ, ಅಂಗಡಿಯಿಂದ ಮನೆಗೆ ಬರುವಾಗ, ಕಾರು ರಾಕೆಟ್ ಆಗಿದೆ ಅಂತಲೇ ಅನ್ನಿಸಿತ್ತು! ಅದು ಸುಳ್ಳು ಅನುಭವ ಅಲ್ಲ, ಕಿವಿಯ ಅನುಭವ. ಸದ್ದು ಏರಿದ್ರೆ ವೇಗ ಏರಿದೆ ಅಂತ ಮನಸ್ಸು ಲೆಕ್ಕ ಹಾಕುತ್ತೆ. ದೊಡ್ಡ ಕಂಪನಿಗಳಿಗೂ ಇದು ಗೊತ್ತು. 2011ರಲ್ಲಿ ಬಂದ ಬಿಎಂಡಬ್ಲ್ಯು ಎಂ5 ಟರ್ಬೊ ಎಂಜಿನ್‌ಗೆ ಬದಲಾದಾಗ ಒಳಗಿನ ಸ್ಪೀಕರ್‌ಗಳಲ್ಲೇ ಎಂಜಿನ್ ಸದ್ದು ಕೇಳಿಸೋ ಏರ್ಪಾಡು ಮಾಡಿದ್ರು. ಅಷ್ಟು ಪವರ್ ಇರೋ ಕಾರಿಗೇ ಸದ್ದು ಬೇಕು ಅಂದ್ರೆ ನಮ್ಮದೇನು.

ಡೈನೊ ಶೀಟ್ ತೋರಿಸಿದ್ರೆ?

"ಅಣ್ಣಾ, ಅವರು ಡೈನೊ ಶೀಟ್ ತೋರಿಸಿದ್ರು" ಅಂತ ನೀವು ಕೇಳಬಹುದು. ಚಕ್ರಗಳನ್ನ ರೋಲರ್ ಮೇಲೆ ಓಡಿಸಿ ಪವರ್ ಅಳೆಯೋ ಯಂತ್ರ ಡೈನೊ. ಒಳ್ಳೇ ಯಂತ್ರವೇ. ಆದ್ರೆ ನಮ್ಮ ಊರುಗಳಿಗೆ ಒಂದು ತಕರಾರಿದೆ.

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಂಗಳೂರು ಸುಮಾರು 920. ಎತ್ತರ ಹೋದಷ್ಟೂ ಗಾಳಿ ತೆಳು. ಟರ್ಬೊ ಇಲ್ಲದ ಕಾರು ಇಲ್ಲಿ ಅಷ್ಟು ಪವರ್ ಕಳ್ಕೊಳ್ಳುತ್ತೆ. ಅದನ್ನ ಸರಿದೂಗಿಸೋಕೆ ಡೈನೊ ಸಾಫ್ಟ್‌ವೇರ್ ಬಂದ ಅಂಕಿಯನ್ನ ಒಂದು ಗುಣಕದಿಂದ ಗುಣಿಸುತ್ತೆ. ಬೆಂಗಳೂರಿನ ಎತ್ತರದಲ್ಲಿ ಅದು 10 ಪರ್ಸೆಂಟ್ ಆಸುಪಾಸು ಏರಿಸಬಹುದು. ಟರ್ಬೊ ಕಾರು ಏನ್ಮಾಡುತ್ತೆ? ಗಾಳಿ ತೆಳು ಅಂತ ಗೊತ್ತಾದ ತಕ್ಷಣ ಟರ್ಬೊವನ್ನ ಇನ್ನಷ್ಟು ತಿರುಗಿಸಿ ನಷ್ಟದ ಬಹುಪಾಲು ತಾನೇ ತುಂಬಿಕೊಳ್ಳುತ್ತೆ. ಅದರ ಮೇಲೆ ಗುಣಕವೂ ಸೇರಿದ್ರೆ ಇಲ್ಲದ ಪವರ್ ಕಾಗದದ ಮೇಲೆ ಹುಟ್ಟುತ್ತೆ. ಚಕ್ರದ ಹತ್ರ 100 ಎಚ್‌ಪಿ ಇರೋ ಕಾರು ಶೀಟಲ್ಲಿ 110. 'ಮೊದಲು' ಶೀಟು ಗುಣಕ ಇಲ್ಲದೆ, 'ಆಮೇಲೆ' ಶೀಟು ಗುಣಕದ ಜೊತೆ ಇದ್ರೆ, ಪೈಪ್ ಮುಟ್ಟದೆಯೇ 10 ಎಚ್‌ಪಿ ಬಂತು.

ಅದಕ್ಕೇ ಶೀಟ್ ತೋರಿಸಿದ್ರೆ ನಾಲ್ಕು ಪ್ರಶ್ನೆ ಕೇಳಿ. ಇದು ನನ್ನದೇ ಮಾಡೆಲ್ ಕಾರಾ? ಮೊದಲು, ಆಮೇಲೆ ಎರಡೂ ಒಂದೇ ದಿನ, ಒಂದೇ ಯಂತ್ರದಲ್ಲಾ? ಗುಣಕ ಹಾಕದ ಅಂಕಿ ಎಲ್ಲಿ? ನಡುವೆ ಸಾಫ್ಟ್‌ವೇರ್ ಬದಲಾಗಿತ್ತಾ? ನಾಲ್ಕನೇ ಪ್ರಶ್ನೆಗೆ ಅಂಗಡಿಯವರು ತಲೆ ಕೆರೆದುಕೊಂಡ್ರೆ ಪವರ್ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾಗುತ್ತೆ.

ನಿಜವಾದ ಪವರ್ ಇರೋ ಜಾಗ

ಈಗ ಬುದ್ಧಿವಂತರು ಕೇಳ್ತಾರೆ, "ಸರಿ, ಕ್ಯಾಟ್‌ಬ್ಯಾಕ್ ಬೇಡ. ಡೌನ್‌ಪೈಪ್ ಬದಲಾಯಿಸಿ, ಕ್ಯಾಟ್ ಕಿತ್ತು, ಸಾಫ್ಟ್‌ವೇರ್ ಹಾಕಿಸ್ತೀನಿ." ಹೌದು, ಪವರ್ ಬರುತ್ತೆ. ಆದ್ರೆ ಇಲ್ಲೇ ಇರೋದು ವಿಷಯದ ಗಂಟು. ಎಕ್ಸಾಸ್ಟಿನಲ್ಲಿ ಪವರ್ ಅಡಗಿರೋ ಜಾಗವೂ, ಕಾನೂನು ಮುಟ್ಟಬೇಡ ಅನ್ನೋ ಜಾಗವೂ ಒಂದೇ.

ಕ್ಯಾಟ್ ಒಳಗೆ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಲೇಪನ ಇರುತ್ತೆ. ಕಾರ್ಬನ್ ಮಾನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್ ಆವಿ, ನೈಟ್ರೋಜನ್ ಆಕ್ಸೈಡ್, ಈ ಮೂರನ್ನೂ ಅದು ಕಮ್ಮಿ ಹಾನಿಯ ಅನಿಲ ಮಾಡಿ ಬಿಡುತ್ತೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ನಿಯಮವನ್ನ ಪೆಟ್ರೋಲ್ ಕಾರು ಪಾಲಿಸೋದು ಇದನ್ನ ನಂಬಿಕೊಂಡೇ. ಕಿತ್ತ ತಕ್ಷಣ ಡ್ಯಾಶ್‌ಬೋರ್ಡಲ್ಲಿ ಎಂಜಿನ್ ಲೈಟ್ ಹತ್ತುತ್ತೆ. ಅದನ್ನ ಆರಿಸೋಕೆ ಸೆನ್ಸರ್‌ಗೆ ಸುಳ್ಳು ಹೇಳಿಸ್ಬೇಕು. ಹಾಗೆ ಒಂದಕ್ಕೊಂದು ಸುಳ್ಳು ಪೋಣಿಸ್ತಾ ಹೋಗ್ಬೇಕು.

ಕಾನೂನು ಏನ್ ಹೇಳುತ್ತೆ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ನಿಗದಿ ಮಾಡಿದ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5 ಸಾವಿರ ದಂಡ, ಅಥವಾ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದ್ರು. ಸದ್ದು, ಹೊಗೆಯ ಮಿತಿ ಮೀರಿದ್ರೆ 190ನೇ ಸೆಕ್ಷನ್‌ನಲ್ಲಿ 10 ಸಾವಿರದವರೆಗೆ ದಂಡ, 3 ತಿಂಗಳವರೆಗೆ ಜೈಲು, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹತೆ. ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಪೊಲೀಸರು ಸೈಲೆನ್ಸರ್‌ಗಳನ್ನ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸಿದ ವಿಡಿಯೊ ನೀವೂ ನೋಡಿರ್ತೀರಿ. ವಾರಂಟಿ ಕೈಬಿಡಬಹುದು, ಅಪಘಾತ ಆದಾಗ ಇನ್ಶೂರೆನ್ಸ್‌ನವರು ತಕರಾರು ತೆಗೀಬಹುದು. ಅಪ್ಪನ ಸಹಿ ಇರೋ ಲೋನ್ ಕಾರಿಗೆ ಇದೆಲ್ಲ ಬೇಕಾ, ಯೋಚನೆ ಮಾಡಿ.

ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸೋ ಕಾರು ಮಾಡ್ತೀನಿ, ಟೆಂಪೋದಲ್ಲಿ ಹೇರಿಕೊಂಡು ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಒಯ್ತೀನಿ ಅನ್ನೋರಿಗೆ ಲೆಕ್ಕ ಬೇರೆ. ಅವರು ಪೈಪ್, ಸಾಫ್ಟ್‌ವೇರ್, ಇಂಟರ್‌ಕೂಲರ್, ಬ್ರೇಕ್ ಎಲ್ಲ ಒಟ್ಟಿಗೇ ಯೋಚಿಸ್ತಾರೆ. ರಿಂಗ್ ರೋಡಲ್ಲಿ ಆಫೀಸಿಗೆ ಹೋಗೋ ನಮಗೆ ಅಲ್ಲ.

ಎದುರು ಮನೆ ಅಜ್ಜಿ

ನನ್ನ ಎಕ್ಸಾಸ್ಟ್ ಕಥೆ ಮುಗಿದಿದ್ದು ಡಾಂಗಲ್‌ನಿಂದ ಅಲ್ಲ. ಎದುರು ಮನೆ ಅಜ್ಜಿ ಆಸ್ಪತ್ರೆಯಿಂದ ಆಗ ತಾನೇ ಬಂದಿದ್ರು. ಒಂದು ಭಾನುವಾರ ಗೇಟ್ ಹತ್ರ ಸಿಕ್ಕಿದಾಗ ಬೈಯಲಿಲ್ಲ. "ಏನಪ್ಪಾ, ರಾತ್ರಿ ನಿನ್ ಗಾಡಿ ಬಂದ್ರೆ ಎದೆ ಒಳಗೆ ಗಡಗಡ ಅನ್ನುತ್ತೆ. ರಿಪೇರಿ ಮಾಡ್ಸಪ್ಪಾ" ಅಂದ್ರು. ಪಾಪ, ಕೆಟ್ಟಿದೆ ಅಂತ ತಿಳ್ಕೊಂಡಿದ್ರು! ವಸತಿ ಪ್ರದೇಶದಲ್ಲಿ ರಾತ್ರಿ ಸದ್ದಿನ ಮಿತಿ 45 ಡೆಸಿಬಲ್. ನನ್ನ ಕಾರು ಗೇಟಲ್ಲಿ ಸುಮ್ಮನೆ ನಿಂತಿದ್ದರೂ ಅದಕ್ಕಿಂತ ಜಾಸ್ತಿ ಗುಡುಗ್ತಿತ್ತು.

ಮಾರನೇ ವಾರ ಹಳೇ ಸೈಲೆನ್ಸರ್ ವಾಪಸ್ ಹಾಕಿಸಿದೆ. ಹೊಸದನ್ನ ಮಾರಿದಾಗ ಕೈಗೆ ಬಂದಿದ್ದು ಅರ್ಧ ದುಡ್ಡು. ಅಪ್ಪಂಗೆ ಆವತ್ತೇ ಹೇಳಿದೆ. ಅವರು ಕೇಳಿದ್ದು ಒಂದೇ: "ಟೈರ್ ಯಾವಾಗ ಬದಲಾಯಿಸ್ತೀಯ?" ನೋಡಿದ್ರೆ ನಾಲ್ಕೂ ಸವೆದು ಹೋಗಿತ್ತು.

ಹಾಗಾಗಿ ಕುವೆಂಪುನಗರದ ತಮ್ಮನಿಗೆ ನನ್ನ ಉತ್ತರ ಇದು. ಆ 55 ಸಾವಿರಕ್ಕೆ 20 ಎಚ್‌ಪಿ ಬರಲ್ಲ, ಸದ್ದು ಬರುತ್ತೆ. ಮೊದಲು ಟೈರ್ ನೋಡು, ಬ್ರೇಕ್ ಪ್ಯಾಡ್ ನೋಡು, ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಸಮಯಕ್ಕೆ ಬದಲಾಯಿಸು. ಸೆಕೆಂಡ್ ಹ್ಯಾಂಡ್ ಟರ್ಬೊ ಕಾರಲ್ಲಿ ಸಡಿಲ ಆಗಿರೋ ಒಂದು ಗಾಳಿ ಪೈಪ್ ಸರಿ ಮಾಡಿದ್ರೂ ಎಕ್ಸಾಸ್ಟ್‌ಗಿಂತ ಜಾಸ್ತಿ ಪವರ್ ವಾಪಸ್ ಬರಬಹುದು. ಡಾಂಗಲ್ ಒಂದು ತಗೊಂಡು, ಈಗಿರೋ ಕಾರನ್ನ ಅಳೆದು ಇಟ್ಕೋ. ಆಮೇಲೆ ಯಾರೇ ಗ್ಯಾರಂಟಿ ಅಂದ್ರೂ, "ಮೊದಲು ಹಾಕಿ, ಅಳೆದು ನೋಡಿ ದುಡ್ಡು ಕೊಡ್ತೀನಿ" ಅನ್ನು. ಎಷ್ಟು ಜನ ಒಪ್ತಾರೆ ನೋಡೋಣ.

ಮತ್ತೆ ಅಪ್ಪಂಗೆ ಹೇಳು ಮಾರಾಯ. ಅವರು ಯೆಜ್ಡಿ ಓಡಿಸಿದವರಾಗಿದ್ರೆ ಈ ವಿಷಯ ನಮಗಿಂತ ಚೆನ್ನಾಗಿ ಅವರಿಗೇ ಗೊತ್ತಿರುತ್ತೆ.

ನಿಮ್ಮ ಗಾಡಿಯಲ್ಲಿ ಅಳೆದು ನೋಡಿದ ಅಂಕಿ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ. ಸದ್ದು ಕಳಿಸಬೇಡಿ, ಸೆಕೆಂಡು ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.